190 ಎಸ್‌ಎಲ್ ಗ್ರಾಹಕರಿಗೆ: ಸೋಲೆಕ್ಸ್ ಕಾರ್ಬುರೇಟರ್ ಇನ್ನು ತೆಗೆಯುವುದಿಲ್ಲ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಗ್ಯಾರೇಜಿನಿಂದ ಜರ್ಮನ್ ಭಾಷೆಯಲ್ಲಿ ಕಳಿಸಿದ ಪತ್ರ ನಿಮಗೆ ತಲುಪಿರಬೇಕು. ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಗ್ರಾಹಕರಿಗೆ ಅದೇ ವಿಷಯವನ್ನು ಕನ್ನಡದಲ್ಲೇ ಬಿಡಿಸಿ ಹೇಳಬೇಕೆನಿಸಿತು. ನಿಮ್ಮಲ್ಲಿ ಮೂವರ ಗಾಡಿಗೆ ಮೂಲ ಸೋಲೆಕ್ಸ್ ಬದಲು ವೆಬರ್ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕೂರಿಸಿದ್ದು ನಾನೇ. ಹಾಗಾಗಿ ಉತ್ತರ ಹೇಳಬೇಕಾದವನೂ ನಾನೇ.

ಮುಂದಿನ ತಿಂಗಳ 1ನೇ ತಾರೀಖಿನಿಂದ ಮರ್ಸಿಡಿಸ್ 190 ಎಸ್‌ಎಲ್ ರೋಡ್‌ಸ್ಟರ್‌ಗಳ ಮೂಲ ಸೋಲೆಕ್ಸ್ 44 ಪಿಎಚ್‌ಎಚ್ ಕಾರ್ಬುರೇಟರ್ ತೆಗೆದು ವೆಬರ್ 40 ಡಿಸಿಒಇ ಹಾಕುವ ಕೆಲಸವನ್ನು ನಿಲ್ಲಿಸುತ್ತಿದ್ದೇವೆ. ಗಾಡಿಯಲ್ಲಿರುವ ಸೋಲೆಕ್ಸ್‌ಗಳನ್ನೇ ಪೂರ್ತಿ ಬಿಚ್ಚಿ ಸರಿಮಾಡಿ ಕೊಡುತ್ತೇವೆ. ಇದಕ್ಕೆ ಖರ್ಚು ಹೆಚ್ಚು. ಎರಡು ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ.

ಇಷ್ಟು ವರ್ಷ ವೆಬರ್ ಹಾಕಿದ್ದಕ್ಕೂ ಕಾರಣವಿತ್ತು. ಸೋಲೆಕ್ಸ್ 44 ಸುಲಭಕ್ಕೆ ಬಗ್ಗುವುದಿಲ್ಲ. ಪೆಡಲ್ ಒತ್ತಿದಾಗ ಅದರ ಮೊದಲ ಥ್ರಾಟಲ್ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಮಾತ್ರ ತೆರೆಯುತ್ತದೆ. ಎರಡನೆಯದು ವ್ಯಾಕ್ಯೂಮ್ (ಗಾಳಿಯ ಎಳೆತ) ಏರಿದಂತೆ ಡಯಾಫ್ರಾಮ್ ಎಂಬ ತೆಳುಪೊರೆ ಎಳೆದು ತಾನಾಗಿ ತೆರೆಯಬೇಕು. ಅರವತ್ತು ವರ್ಷ ಓಡಿದ ಗಾಡಿಯಲ್ಲಿ ಥ್ರಾಟಲ್ ಶಾಫ್ಟ್ ತಿರುಗುವ ತೂತು ಸವೆದು ಅಗಲವಾಗಿರುತ್ತದೆ, ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ಇಲ್ಲಿನ ಮೆಕ್ಯಾನಿಕ್‌ಗಳು ಅದನ್ನು 'ಫಾಲ್ಶ್‌ಲುಫ್ಟ್' ಅನ್ನುತ್ತಾರೆ, ನನ್ನ ಬಾಯಿಗೆ ಬರುವುದು 'ಕಳ್ಳಗಾಳಿ'. ಕಳ್ಳಗಾಳಿ ಸೇರಿದರೆ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಒಂದೇ ಸಮ ಇರುವುದಿಲ್ಲ, ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತದೆ, ಎಷ್ಟು ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ. ವೆಬರ್‌ನಲ್ಲಿ ಎರಡೂ ಥ್ರಾಟಲ್ ಒಟ್ಟಿಗೆ ತೆರೆಯುತ್ತವೆ, ಟ್ಯೂನಿಂಗ್ ಸಲೀಸು. ಅದು ಒಳ್ಳೆಯ ಕಾರ್ಬುರೇಟರ್, ಅದರ ಮೇಲೆ ನನಗೆ ದೂರಿಲ್ಲ.

ಆದರೆ ಅದು ಈ ಗಾಡಿಯದಲ್ಲ. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಮರ್ಸಿಡಿಸ್‌ನದೇ 300 ಎಸ್‌ಎಲ್ ಪಕ್ಕದಲ್ಲೇ ಮೊದಲ ಬಾರಿ ಕಾಣಿಸಿಕೊಂಡ ಈ ರೋಡ್‌ಸ್ಟರ್, 1955ರಿಂದ 1963ರವರೆಗೆ ಜಿಂಡೆಲ್‌ಫಿಂಗನ್ ಕಾರ್ಖಾನೆಯಲ್ಲಿ 25,881 ತಯಾರಾಯಿತು. ನಾಲ್ಕು ಸಿಲಿಂಡರಿನ 1897 ಸಿಸಿ ಎಂಜಿನ್. ಅದೇ ಎಂಜಿನ್ 1956ರಲ್ಲಿ ಒಂದೇ ಕಾರ್ಬುರೇಟರ್ ಜೊತೆ 190 ಸೆಡಾನಿಗೆ ಬಂದಾಗ ಕೊಟ್ಟದ್ದು 75 ಅಶ್ವಶಕ್ತಿ, ಎಸ್‌ಎಲ್‌ನಲ್ಲಿ ಕೊಡುತ್ತಿದ್ದದ್ದು 105. ಆ ವ್ಯತ್ಯಾಸದಲ್ಲಿ ಈ ಜೋಡಿ ಸೋಲೆಕ್ಸ್‌ಗಳ ಪಾಲು ದೊಡ್ಡದು. ಸರಿಯಾಗಿ ಕೂತ ಸೋಲೆಕ್ಸ್‌ನಲ್ಲಿ ಎರಡನೇ ಥ್ರಾಟಲ್ ತೆರೆದುಕೊಳ್ಳುವಾಗ ಎಂಜಿನ್ ದನಿ ಬದಲಾಗುವುದನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಮನಸ್ಸು ಬದಲಾಯಿಸಿದ್ದು ಕಳೆದ ವಸಂತದ ಒಂದು ಘಟನೆ. ಹಳೆಯ ಗ್ರಾಹಕರೊಬ್ಬರು ಗಾಡಿ ಮಾರಲು ಹೊರಟಿದ್ದರು. ಚಾಸಿ ನಂಬರು, ಎಂಜಿನ್ ನಂಬರು, ಬಣ್ಣದ ಕೋಡ್ ಎಲ್ಲವೂ ಕಾರ್ಖಾನೆಯ ದಾಖಲೆಯಾದ ಡೇಟಾ ಕಾರ್ಡಿಗೆ ತಾಳೆಯಾಗಿದ್ದವು. ಕೊಳ್ಳಲು ಬಂದವರು ಬಾನೆಟ್ ಎತ್ತಿ ನೋಡಿ, "ಮೂಲ ಕಾರ್ಬುರೇಟರ್ ಎಲ್ಲಿ?" ಎಂದು ಕೇಳಿದರು. ಅವು ಗ್ರಾಹಕರ ಹತ್ತಿರ ಇರಲಿಲ್ಲ. ವೆಬರ್ ಹಾಕಿದ ದಿನ ಅವನ್ನು ನಾವೇ ಇಟ್ಟುಕೊಂಡು, ಆಮೇಲೆ ಗ್ರಾಹಕರನ್ನು ಒಂದು ಮಾತೂ ಕೇಳದೆ ಬೇರೆ ಬಿಡಿಭಾಗಗಳ ಜೊತೆ ಮಾರಿಬಿಟ್ಟಿದ್ದೆವು. ವ್ಯವಹಾರ ಮುರಿದುಬಿತ್ತು. ತಪ್ಪು ಪೂರ್ತಿ ನಮ್ಮದು. ಆ ಗ್ರಾಹಕರ ಕ್ಷಮೆ ಕೇಳಿದ್ದೇನೆ, ಅದೇ ಇಸವಿಯ ಜೋಡಿಯೊಂದನ್ನು ಹುಡುಕಿ ನಮ್ಮ ಖರ್ಚಿನಲ್ಲೇ ಹಾಕಿಕೊಡುತ್ತಿದ್ದೇವೆ.

ಹೊಸ ಕೆಲಸ ನಡೆಯುವ ಬಗೆ ಹೀಗೆ. ಸವೆದ ತೂತುಗಳನ್ನು ಕೊರೆದು ಬುಶ್ (ಒಳಗೆ ಕೂರುವ ಲೋಹದ ಬಳೆ) ಹಾಕಿ, ಹೊಸ ಶಾಫ್ಟ್ ಕೂರಿಸುತ್ತೇವೆ. ಬಿಸಿಗೆ ಸೊಟ್ಟಗಾದ ಫ್ಲ್ಯಾಂಜುಗಳನ್ನು (ಜೋಡಣೆಯ ಅಂಚುಗಳನ್ನು) ಸಮತಟ್ಟು ಮಾಡುತ್ತೇವೆ. ಡಯಾಫ್ರಾಮ್, ಗ್ಯಾಸ್ಕೆಟ್ ಎಲ್ಲ ಹೊಸದು. ಇದಕ್ಕಿಂತ ಮೊದಲು ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪರೀಕ್ಷೆ ಕಡ್ಡಾಯ. ಕಾರ್ಬುರೇಟರ್ ಕೆಟ್ಟಿದೆ ಎಂದು ಬಂದ ಎಷ್ಟೋ ಗಾಡಿಗಳಲ್ಲಿ ದೋಷ ಇದ್ದದ್ದು ಇಗ್ನಿಷನ್‌ನಲ್ಲಿ. ಹಾಗೇನಾದರೂ ಸಿಕ್ಕಿದರೆ ಅಷ್ಟನ್ನೇ ಸರಿಮಾಡಿ ಅಷ್ಟಕ್ಕೇ ಬಿಲ್ ಮಾಡುತ್ತೇವೆ, ಕಾರ್ಬುರೇಟರ್ ಮುಟ್ಟುವುದಿಲ್ಲ.

ಈಗಾಗಲೇ ವೆಬರ್‌ಗೆ ಮುಂಗಡ ಕೊಟ್ಟವರಿಗೆ ಎರಡು ದಾರಿಗಳಿವೆ: ಹಣ ವಾಪಸ್, ಇಲ್ಲವೇ ಅದೇ ಮುಂಗಡದಲ್ಲಿ ಸೋಲೆಕ್ಸ್ ಕೆಲಸ. ಹಿಂದೆ ವೆಬರ್ ಹಾಕಿಸಿಕೊಂಡು ನೆಮ್ಮದಿಯಾಗಿ ಓಡಿಸುತ್ತಿರುವವರು ಬದಲಾಯಿಸಬೇಕಿಲ್ಲ, ಅವುಗಳ ಸರ್ವಿಸ್ ಎಂದಿನಂತೆ ಮಾಡುತ್ತೇವೆ. ಆದರೆ ನಿಮ್ಮ ಹಳೆಯ ಸೋಲೆಕ್ಸ್ ನಮ್ಮಲ್ಲೇ ಉಳಿದಿದ್ದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಏಳು ಜೋಡಿಗಳಿಗೆ ಚಾಸಿ ನಂಬರ್ ಬರೆದ ಚೀಟಿ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದೇವೆ. ನಿಮ್ಮದು ಅದರಲ್ಲಿ ಇಲ್ಲದಿದ್ದರೆ ಹುಡುಕಿ ಕೊಡುವ ಹೊಣೆ ನಮ್ಮದು.

ಪೆಟ್ರೋಲಿನ ಬಗ್ಗೆ ಒಂದು ಮಾತು. 2011ರಿಂದ ಇಲ್ಲಿನ ಬಂಕ್‌ಗಳಲ್ಲಿ ಸಿಗುತ್ತಿರುವ ಇ10 ಈ ಗಾಡಿಗೆ ಬೇಡ. ಅದರಲ್ಲಿ ಎಥೆನಾಲ್ ಹೆಚ್ಚು, ಹಳೆಯ ರಬ್ಬರ್ ತಡೆಯುವುದಿಲ್ಲ. ಎಥೆನಾಲ್ ಕಡಿಮೆ ಇರುವ ಸೂಪರ್ ಪ್ಲಸ್ ಪೆಟ್ರೋಲ್ ಹಾಕಿಸಿ.

ತಪಾಸಣೆಗೆ ಬರುವವರು ಮುಂಚೆ ಫೋನ್ ಮಾಡಿ, ಹಿಂದಿನ ಸಂಜೆಯೇ ಗಾಡಿ ತಂದು ಬಿಟ್ಟುಹೋಗಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ರೀತಿಯನ್ನು ನಾನೇ ನೋಡಬೇಕು. ಅಲ್ಲಿಯವರೆಗೆ ಐಡ್ಲಿಂಗ್ ಸ್ಕ್ರೂಗಳನ್ನು ಮಾತ್ರ ಯಾರೂ ಮುಟ್ಟಬೇಡಿ.

ನಿಮ್ಮ ವಿಶ್ವಾಸಿ,
ಗ್ಯಾರೇಜಿನ ಪರವಾಗಿ