ಹನ್ನೊಂದು ಜನರಲ್ಲಿ ನಾನೂ ಒಬ್ಬ

ಪ್ರಿಯ ಗಾರ್ಡ್ ಸಾಹೇಬ್ರೇ,

ನಮ್ಮ ರೈಲು ಎಂಜಿನ್ನುಗಳ ಪುಟ್ಟ ಮಾಡೆಲ್ ಮಾಡಿ ಅಂತ ಮಾಡೆಲ್ ಕಂಪನಿಗಳಿಗೆ ಇನ್ನೊಂದು ಕಾಗದ ಬರಿ, ನಿನಗೆ ಬರೆಯೋಕೆ ಬರುತ್ತೆ, ಎಲ್ಲರ ಹೆಸರಲ್ಲಿ ಕಳಿಸೋಣ ಅಂತ ನೀನು ಹೇಳಿ ಎರಡು ವಾರ ಆಯ್ತು. ಬರೆಯಲು ಮೂರು ಸಲ ಕೂತೆ. ‘ಮಾನ್ಯರೇ’ ಅಂತ ಹಾಕಿದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಸಿಗ್ನಲ್ ಸಿಗದೆ ಔಟರ್‌ನಲ್ಲಿ ನಿಂತ ಗಾಡಿಯ ಹಾಗೆ ನಿಂತೇ ಇತ್ತು. ಕೊನೆಗೆ ‘ಮಾನ್ಯರೇ’ಗೆ ಗೀಟು ಹಾಕಿ ‘ಗಾರ್ಡ್ ಸಾಹೇಬ್ರೇ’ ಅಂತ ಬರೆದೆ. ಆಮೇಲೆ ಸರಾಗವಾಗಿ ಹೊರಟಿತು. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೈಬೇಡ. ಫೋನಲ್ಲಿ ಹೇಳೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀಯ. (ಉಳಿದವರು ನೀರಿನ ಡ್ರಮ್ಮಿನ ವಿಷಯ ಕೇಳಬೇಡಿ. ಅದು ಈ ಕಾಗದದಲ್ಲಿ ಬರುವುದಿಲ್ಲ.)

ಮೊದಲು ಕೆಲಸದ ಮಾತು. ನೀನು ಕಳಿಸಿದ ಪಟ್ಟಿಯಲ್ಲಿ ಹದಿನಾಲ್ಕು ಎಂಜಿನ್ ಇವೆ. ಒಂದು ಕೇಳಿದರೇ ಕೊಡದವರ ಹತ್ತಿರ ಹದಿನಾಲ್ಕು ಕೇಳುತ್ತೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು.

ಮೊಸಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೀಯ. ನ್ಯಾಯವಾದ ಆಸೆಯೇ. ಸ್ವಿಟ್ಜರ್ಲೆಂಡಿನ ಉದ್ದ ಮೂತಿಯ ಮೊಸಳೆ ಎಂಜಿನ್ನಿನ ಮಾಡೆಲ್ಲನ್ನು ಮಾರ್ಕ್ಲಿನ್ ಕಂಪನಿ ದಶಕಗಳಿಂದ ಮಾಡುತ್ತಲೇ ಇದೆ. ಅದೇ ಮೂತಿಯ ನಮ್ಮ ವಿದ್ಯುತ್ ಎಂಜಿನ್ ಡಬ್ಲ್ಯುಸಿಜಿ-1 ಬಂದದ್ದು 1928ರಲ್ಲಿ. ಮುಂಬೈ ಕಡೆಯ ಘಟ್ಟಗಳಲ್ಲಿ ಗೂಡ್ಸ್ ಎಳೆದು ಸವೆಯಿತು. ನಿಂತಲ್ಲೇ ನರಳುವ ಸದ್ದು ಮಾಡುತ್ತಿತ್ತು ಅಂತ ಅಲ್ಲಿನ ಸಿಬ್ಬಂದಿ ಅದನ್ನು ಖೇಕಡಾ ಅಂದರು, ಅಂದರೆ ಏಡಿ. ಅಲ್ಲಿ ಮೊಸಳೆ, ಇಲ್ಲಿ ಏಡಿ. ಹೆಸರಲ್ಲೇ ನಮ್ಮ ದರ್ಜೆ ಇಳಿದುಹೋಯಿತು ನೋಡು. ಊಟಿಯ ಉಗಿ ಎಂಜಿನ್ ಎಕ್ಸ್ ಕ್ಲಾಸ್ ವಿಷಯದಲ್ಲೂ ನಿನ್ನ ವಾದ ಒಪ್ಪಿದೆ. ಹುಟ್ಟಿದ್ದು ವಿಂಟರ್‌ಥೂರ್‌ನಲ್ಲಿ, ಓಡುವುದು ಮೀಟರ್ ಗೇಜಿನಲ್ಲಿ (ಎರಡು ಕಂಬಿಗಳ ನಡುವೆ ಒಂದೇ ಮೀಟರ್), ಹತ್ತುವುದು ಹಲ್ಲಿನ ಕಂಬಿ ಕಚ್ಚಿಕೊಂಡು. ಸ್ವಿಸ್ ಎಂಜಿನ್ನುಗಳ ಮಾಡೆಲ್ ಮಾಡುವವರಿಗೆ ಅದು ತವರಿಗೆ ಬಂದ ಮಗಳಿದ್ದ ಹಾಗೆ. ಉಳಿದ ಹತ್ತು ಹನ್ನೊಂದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದರಲ್ಲಿ ಮೂರು ನೀನು ನನ್ನನ್ನು ರೇಗಿಸಲು ಹಾಕಿದ್ದು.

ಆದರೆ ಕಂಪನಿಯವನ ಕುರ್ಚಿಯಲ್ಲಿ ಕೂತು ನೋಡಿದರೆ ಲೆಕ್ಕ ಬೇರೆಯೇ. ಉಕ್ಕಿನ ಅಚ್ಚು ಕೊರೆಯುವ ಖರ್ಚು ನೂರು ಎಂಜಿನ್ನಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಹಾಗಾಗಿ ಒಂದೇ ಅಚ್ಚನ್ನು ಹಲವು ಬಣ್ಣದಲ್ಲಿ ಮಾರುವಂತಿರಬೇಕು. ಅದಕ್ಕೆ ಹೇಳಿ ಮಾಡಿಸಿದ್ದು ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂತು, ಆಮೇಲೆ ವಾರಾಣಸಿಯಲ್ಲಿ ತಯಾರಾಯಿತು, ಒಂದೊಂದು ಶೆಡ್ಡಿನವರು ಒಂದೊಂದು ಬಣ್ಣ ಬಳಿದರು. ಮೈ ಒಂದೇ, ಬಟ್ಟೆ ಮೂವತ್ತು. ಉದ್ದ 17.12 ಮೀಟರ್, ಎಚ್‌ಒ ಮಾಡೆಲ್ಲಿನ ಅಳತೆ 1:87, ಹಾಗಾಗಿ 87ರಲ್ಲಿ ಭಾಗಿಸಿದರೆ 197 ಮಿಲಿಮೀಟರ್. ಶಾಲೆಯ ಸ್ಕೇಲಿಗಿಂತ ಗಿಡ್ಡ, ಟಿವಿ ಮುಂದೆ ಇಟ್ಟರೆ ಮನೆಯವರೂ ಆಕ್ಷೇಪ ಮಾಡುವುದಿಲ್ಲ.

ಅದರ ಕಷ್ಟ ಕಾಲಿನದು. ಎಚ್‌ಒದಲ್ಲಿ ಎರಡು ಕಂಬಿಗಳ ನಡುವಿನ ಅಗಲ 16.5 ಮಿಲಿಮೀಟರ್. ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರ್ ಗೇಜಿನ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676. ಅದೇ ಅಳತೆಯಲ್ಲಿ ಇಳಿಸಿದರೆ 19ರ ಮೇಲೆ ಬರಬೇಕು. ಅಂದರೆ ಸಿಗುವ ಕಂಬಿ ಮೇಲೆ ನಿಲ್ಲಿಸಿದ ಯಾವುದೇ ಬ್ರಾಡ್ ಗೇಜ್ ಎಂಜಿನ್ ಹೊಟ್ಟೆ ದಪ್ಪ, ಕಾಲು ಸಣ್ಣ ಇರುವ ನಿನ್ನ ಹಾಗೆ ಕಾಣುತ್ತದೆ. ಹಾಗಂತ ಅಳುವುದೂ ಬೇಡ, ಎಲ್ಲರೂ ಅಷ್ಟಿಷ್ಟು ಕಣ್ಣು ಮುಚ್ಚುವವರೇ. ಬ್ರಿಟಿಷರು ಓಓ ಅನ್ನುವ ತಮ್ಮ ಮಾಡೆಲ್ ಎಂಜಿನ್ನುಗಳನ್ನು 1:76ಕ್ಕೆ ಮಾಡಿ ಇದೇ 16.5 ಕಂಬಿಯ ಮೇಲೆ ಓಡಿಸುತ್ತಾರೆ. ಜಪಾನಿನವರು 1067 ಗೇಜಿನ ಎಂಜಿನ್ನನ್ನು 1:150ಕ್ಕೆ ಮಾಡಿ 9 ಮಿಲಿಮೀಟರ್ ಕಂಬಿಗೆ ಹತ್ತಿಸಿದ್ದಾರೆ. ಯಾರ ನಿದ್ದೆಯೂ ಕೆಟ್ಟಿಲ್ಲ.

ಇನ್ನು ವೈಪಿ.

ನೋಡು, ವೈಪಿ ಅಂತ ಬರೆದ ತಕ್ಷಣ ಬೇರೆ ಸಾಲು ಹಿಡಿದೆ, ನನ್ನ ಪಕ್ಷಪಾತ ನಿನಗೆ ಗೊತ್ತಿರುವುದೇ. ಮೀಟರ್ ಗೇಜಿನ ಪ್ಯಾಸೆಂಜರ್ ಉಗಿ ಎಂಜಿನ್. ಒಟ್ಟು 871. ಮೊದಲಿನವು ಅಮೆರಿಕದ ಬಾಲ್ಡ್‌ವಿನ್‌ನವು, ಆಮೇಲೆ ಸ್ಕಾಟ್ಲೆಂಡಿನವು, ಜರ್ಮನಿಯವು, ಕೊನೆಗೆ ಜಮ್‌ಶೆಡ್‌ಪುರದ ಟೆಲ್ಕೋದವು, 1970ರ ತನಕ. ಅದೇ ಲಾರಿ ಮಾಡುವ ಟೆಲ್ಕೋ, ಈಗಿನ ಟಾಟಾ ಮೋಟಾರ್ಸ್ ಕಣ್ರೀ, ಅದು ಶುರುವಾದದ್ದೇ ಉಗಿ ಎಂಜಿನ್ ಮಾಡಲು. ಅಳತೆಯ ವಿಷಯದಲ್ಲಿ ವೈಪಿಯಷ್ಟು ಪುಣ್ಯವಂತ ಎಂಜಿನ್ ನಮ್ಮಲ್ಲಿ ಕಡಿಮೆ. ಒಂದು ಮೀಟರನ್ನು 87ರಲ್ಲಿ ಭಾಗಿಸು, ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಗಾಡಿಗಳ ಮಾಡೆಲ್ಲಿಗೆ ಅಂತ ಬೆಮೊ ಕಂಪನಿಯವರು ಬಳಸುವ ಕಂಬಿ 12. ಅರ್ಧ ಮಿಲಿಮೀಟರ್ ವ್ಯತ್ಯಾಸ, ಅದನ್ನು ಕೇಳುವವರು ನೀನೊಬ್ಬನೇ. ಅಂದರೆ ಆಲ್ಪ್ಸ್ ಬೆಟ್ಟದ ಕಂಬಿ ಮೇಲೆ ನಮ್ಮ ಅರಸೀಕೆರೆ ಪ್ಯಾಸೆಂಜರ್ ಓಡಬಹುದು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಖುಷಿ.

ವ್ಯಾಪಾರದ ದೃಷ್ಟಿಯಿಂದ ಮಾತ್ರ ವೈಪಿ ಶುದ್ಧ ನಷ್ಟ. ಬಹುಪಾಲು ಕಪ್ಪು. ನಾಳೆ ಬೇರೆ ಬಣ್ಣದಲ್ಲಿ ಮಾರೋಣ ಅಂದರೆ ಬೇರೆ ಬಣ್ಣ ಇಲ್ಲ. ಮೇಲಿಂದ ಉಗಿ ಎಂಜಿನ್ನಿನ ಕೆಲಸ. ಚಕ್ರಕ್ಕೆ ಕೂಡಿಸಿದ ಕಡ್ಡಿಗಳು, ಆ ಕಡ್ಡಿಗೊಂದು ಸೂಜಿಮೊನೆಯಷ್ಟು ಪಿನ್ನು, ಎಲ್ಲವೂ ಎಲ್ಲೂ ಸಿಕ್ಕಿಕೊಳ್ಳದೆ ತಿರುಗಬೇಕು. ಡೀಸೆಲ್ಲಿಗೆ ಡಬ್ಬಿ ಮುಚ್ಚಿದರೆ ಮುಗಿಯಿತು. ಜತೆಗೆ 1992ರಲ್ಲಿ ಯೂನಿಗೇಜ್ ಅಂತ, ಎಲ್ಲವನ್ನೂ ಬ್ರಾಡ್ ಗೇಜ್ ಮಾಡುವ ಯೋಜನೆ ಶುರುವಾದ ಮೇಲೆ ಮೀಟರ್ ಗೇಜ್ ಕಿತ್ತುಕೊಂಡೇ ಹೋಯಿತು. ಈಗಿನ ಹುಡುಗರಿಗೆ ವೈಪಿ ಅಂದರೆ ಯಾವುದೋ ಬ್ಯಾಂಕಿನ ಕೋಡ್. ಯಾರು ಕೊಳ್ಳುತ್ತಾರೆ? ನಾವು. ನಾವು ಎಷ್ಟು ಜನ?

ಅಲ್ಲಿಗೇ ಬಂದೆ ನೋಡು.

ಹೋದ ವರ್ಷ ಒಬ್ಬರು ಮುಂದೆ ಬಂದರಲ್ಲ. ಹೆಸರು ಬೇಡ, ಪಾಪ ಒಳ್ಳೆಯವರು. ಹಿತ್ತಾಳೆ ತಗಡಿನಲ್ಲಿ ವೈಪಿ ಮಾಡುತ್ತೇನೆ, ಅರವತ್ತು ಜನ ಮುಂಗಡ ಕಟ್ಟಿದರೆ ಸಾಕು ಅಂದರು. ನಮ್ಮ ಬಳಗದಲ್ಲಿ ಹಬ್ಬ. ದಿನಾ ಒಬ್ಬೊಬ್ಬರು ‘ಬುಕ್ ಮಾಡಿದೆ’, ‘ನಾನೂ ಮಾಡಿದೆ’. ನೀನು ಲೆಕ್ಕ ಬರೆದುಕೊಳ್ಳುತ್ತಿದ್ದೆ. ಅರವತ್ತು ಮುಟ್ಟಿದ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬಾಯಲ್ಲೇ ಸೀಟಿ ಊದಿದೆ. ಹದಿನೈದು ದಿನ ಕಳೆದು ಅವರು ತಿಳಿಸಿದರು: ಬಂದದ್ದು ನಲವತ್ತೊಂಬತ್ತು, ಕ್ಷಮಿಸಿ, ದುಡ್ಡು ವಾಪಸ್ ಹಾಕುತ್ತಿದ್ದೇನೆ.

ನೀನು ಅವರ ಲೆಕ್ಕವೇ ತಪ್ಪು ಅಂದೆ. ಮೂರು ದಿನ ಅದೇ ಮಾತು. ಲೆಕ್ಕ ತಪ್ಪಿರಲಿಲ್ಲ ಮಾರಾಯ. ಹನ್ನೊಂದು ಜನ ಸುಮ್ನೆ ಹೇಳಿದ್ದೆವು. ನಾನು ಅದರಲ್ಲಿ ಒಬ್ಬ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ‘ನಿನ್ನ ದುಡ್ಡು ವಾಪಸ್ ಬಂತಾ?’ ಅಂತ ನೀನು ಕೇಳಿದೆ. ಬಂತು ಅಂದೆ. ಆ ಬಂದ ದುಡ್ಡಲ್ಲಿ ನಿನಗೆ ಮಸಾಲೆ ದೋಸೆ ಬೇರೆ ಕೊಡಿಸಿದೆ. ನೀನು ಬೇಡ ಬೇಡ ಅಂತ ಎರಡು ತಿಂದೆ.

ದುಡ್ಡಿನ ತೊಂದರೆ ಇತ್ತಾ ಅಂತ ಕೇಳುತ್ತೀಯ. ಇರಲಿಲ್ಲ. ಅದೇ ತಿಂಗಳು ನನಗೆ ಬೇಡದ ಎರಡು ಡೀಸೆಲ್ ತಂದೆ, ಡಬ್ಬಿ ಸಹ ಒಡೆದಿಲ್ಲ. ತೊಂದರೆ ಆಗಿದ್ದು ಅರ್ಜಿಯಲ್ಲಿ. ಹೆಸರು ತುಂಬಿದೆ, ವಿಳಾಸ ತುಂಬಿದೆ, ಐದನೇ ಕಾಲಂ ಹೀಗಿತ್ತು: ‘ಎಂಜಿನ್ನಿನ ಮೇಲೆ ಯಾವ ನಂಬರ್ ಬೇಕು?’ ಅಲ್ಲಿಗೆ ಕೈ ನಿಂತಿತು.

ಹಾಸ್ಟೆಲ್ಲಿನ ಮೊದಲ ವಾರ ನೆನಪಿದೆಯಾ? ಮಂಚದ ಮೇಲೆ ಕಾಲು ಮಡಚಿ ಕೂತು ನೀನು ಆ ಉದ್ದನೆಯ ಲೆಡ್ಜರ್ ಪುಸ್ತಕ ತೆಗೆದೆ. ತಾರೀಕು, ಸ್ಟೇಷನ್, ಎಂಜಿನ್ ನಂಬರ್, ಶೆಡ್ಡು, ಎಲ್ಲ ನೀಲಿ ಶಾಯಿಯಲ್ಲಿ. ನಾನು ಅರಸೀಕೆರೆಯಲ್ಲಿ ಚಿಕ್ಕಂದಿನಲ್ಲಿ ವೈಪಿ ಹತ್ತಿರದಿಂದ ನೋಡಿದ ಕಥೆ ಹೇಳಿದೆ. ನೀನು ಪೆನ್ನಿನ ಕ್ಯಾಪ್ ತೆಗೆದು ‘ನಂಬರ್?’ ಅಂದೆ. ಗೊತ್ತಿಲ್ಲ ಅನ್ನಬಹುದಿತ್ತು. ಆ ಪುಸ್ತಕದ ಮುಂದೆ ಹಾಗನ್ನಲು ನಾಚಿಕೆಯಾಯಿತು. ಬಾಯಿಗೆ ಬಂದದ್ದು ಹೇಳಿದೆ. 3417.

ನಾನು ನಂಬರ್ ನೋಡಿಯೇ ಇರಲಿಲ್ಲ. ನಂಬರ್ ಹಾಗಿರಲಿ, ಎಂಜಿನ್ನನ್ನೇ ಸರಿಯಾಗಿ ನೋಡಿರಲಿಲ್ಲ. ಚಿಕ್ಕಮ್ಮನ ಸೀರೆ ಸೆರಗು ಹಿಡಿದು ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿದ್ದೆ. ಅದು ಹತ್ತಿರ ಬಂದ ಹಾಗೆ ಕಾಲಡಿಯ ಕಲ್ಲುಚಪ್ಪಡಿ ನಡುಗಿತು, ಮೊಣಕಾಲಿಗೆ ಬಿಸಿ ಬಡಿಯಿತು, ಸುಟ್ಟ ಎಣ್ಣೆ ವಾಸನೆ ಬಂತು. ಆಮೇಲೆ ಸೀಟಿ ಊದಿತು. ನಾನು ಸೆರಗಿನೊಳಗೆ ಮುಖ ಹುದುಗಿಸಿ ಕಣ್ಣು ಮುಚ್ಚಿದವನು ಗಾಡಿ ಹೊರಟ ಮೇಲೇ ತೆಗೆದದ್ದು. ಎಲ್ಲೋ ನೀರು ತೊಟ್ಟಿಕ್ಕಿ ಬಿಸಿ ಕಬ್ಬಿಣದ ಮೇಲೆ ಚುಯ್ ಚುಯ್ ಅನ್ನುತ್ತಿದ್ದದ್ದು ನೆನಪಿದೆ. ಅಷ್ಟೇ. ಇಷ್ಟು ವರ್ಷ ವೈಪಿ ಬೇಕು, ವೈಪಿ ಬೇಕು ಅಂತ ಕಂಪನಿಗಳಿಗೆ ಬೈದು ಬರೆದ, ಹೆಡ್‌ಲೈಟ್ ಎರಡು ಮಿಲಿಮೀಟರ್ ಮೇಲಿರಬೇಕು ಅಂತ ಜಗಳ ಆಡಿದ ಮನುಷ್ಯ ನೋಡಿದ್ದು ಸೀರೆಯ ಒಳಭಾಗ. ಹಸಿರು ಬಣ್ಣದ್ದು, ಅದು ಮಾತ್ರ ಖಚಿತ.

ಕಾಲಂನಲ್ಲಿ 3417 ಅಂತ ಹಾಕಲು ಸಾಧ್ಯವೇ ಇರಲಿಲ್ಲ. ವೈಪಿ ನಂಬರುಗಳೆಲ್ಲ 2ರಿಂದ ಶುರುವಾಗುತ್ತವೆ. 3ರಿಂದ ಶುರುವಾಗುವುದು ವೈಜಿ, ಗೂಡ್ಸ್ ಎಂಜಿನ್. ಇದು ನನಗೆ ಗೊತ್ತಾಗಿ ಹತ್ತು ವರ್ಷದ ಮೇಲಾಯಿತು. ನಿನಗೆ ಹೇಳಲಿಲ್ಲ. ಬೇರೆ ನಂಬರ್ ಬರೆದರೆ, ಮನೆಗೆ ಬಂದ ಎಂಜಿನ್ ನೋಡಿ ನೀನು ‘ಇದ್ಯಾಕೆ ಬೇರೆ?’ ಅನ್ನುತ್ತೀಯ. ಖಾಲಿ ಬಿಟ್ಟರೂ ಕೇಳುತ್ತೀಯ. ಹಾಗಾಗಿ ಅರ್ಜಿ ಮುಚ್ಚಿ, ಬುಕ್ ಮಾಡಿದೆ ಅಂತ ಬರೆದು, ಮಲಗಿದೆ.

ಈ ಎರಡು ವಾರದಲ್ಲಿ ಒಂದು ಯೋಚನೆ ಬಂದು ಕೂತಿದೆ, ಹೋಗುತ್ತಿಲ್ಲ. ನನಗೆ ತಡವಾಗಿ ಗೊತ್ತಾಯಿತು, ಸರಿ. ನೀನು? ಹಾಸ್ಟೆಲ್ಲಿಗೆ ಬರುವ ಮೊದಲೇ ಆ ಲೆಡ್ಜರ್ ಅರ್ಧ ತುಂಬಿಸಿದ್ದವನು. ಸ್ಟೇಷನ್ ಮಾಸ್ಟರನ್ನೇ ತಿದ್ದಿದವನು. ಇನ್ನೊಬ್ಬರ ಮಾಡೆಲ್ಲಿನ ಸ್ಪ್ರಿಂಗ್ ಪಟ್ಟಿ ಎಣಿಸಿ ಒಂದು ಕಡಿಮೆ ಇದೆ ಅನ್ನುವವನು. ನಿನಗೆ ಅವತ್ತೇ, ಆ ಮಂಚದ ಮೇಲೇ ಗೊತ್ತಾಗಿರಬೇಕಲ್ವಾ? ಆದರೂ ಬರೆದುಕೊಂಡೆ. ಅಡಿಗೆರೆ ಬೇರೆ ಹಾಕಿದೆ. ನೀನು ಕಣ್ಣಾರೆ ನೋಡದ ನಂಬರ್ ಆ ಪುಸ್ತಕದಲ್ಲಿ ಅದೊಂದೇ. ಇಷ್ಟು ವರ್ಷ ಒಂದು ಸಲವೂ ಬಾಯಿ ಬಿಡಲಿಲ್ಲ. ಅಷ್ಟು ಸಾಲದು ಅಂತ ಹೊಸ ಸ್ಕೂಟರ್ ತಂದಾಗ ಆರ್‌ಟಿಓದಲ್ಲಿ ಜಾಸ್ತಿ ದುಡ್ಡು ಕಟ್ಟಿ 3417 ಹಾಕಿಸಿಕೊಂಡೆ. ಅವತ್ತು ನಾನು ಪ್ರೀತಿ ಅಂದುಕೊಂಡೆ. ಈಗ ಗೇಲಿಯೋ ಪ್ರೀತಿಯೋ ತಿಳಿಯುತ್ತಿಲ್ಲ. ಸ್ಕೂಟರ್ ಹಿಂದೆ ಕೂತಾಗಲೆಲ್ಲ ಕಾಲ ಕೆಳಗೆ ಆ ನಂಬರ್ ಇರುತ್ತೆ, ನಾನು ಹೆಲ್ಮೆಟ್ ಒಳಗೆ ಬೆವರುತ್ತೇನೆ. ನೀನು ಬಿಸಿಲು ಅಂದುಕೊಳ್ಳುತ್ತೀಯ.

ಛೆ, ಎಷ್ಟು ಬರೆದೆ. ಕಾಫಿ ಆರಿ ಕೆನೆ ಕಟ್ಟಿದೆ. ಇದನ್ನು ಓದುತ್ತಿರುವ ಉಳಿದ ಹತ್ತು ಜನರೇ, ನೀವು ಯಾರು ಅಂತ ನನಗೆ ಗೊತ್ತಿಲ್ಲ, ಆದರೆ ಗಾರ್ಡ್ ಸಾಹೇಬರ ಹತ್ತಿರ ಅರವತ್ತು ಹೆಸರಿನ ಪಟ್ಟಿ ಇದೆ, ಅವರಿಗೆ ಲೆಡ್ಜರ್ ಬರೆಯುವ ಅಭ್ಯಾಸವೂ ಇದೆ. ನಾನಾಗಿದ್ದರೆ ಇವತ್ತೇ ಅವರಿಗೆ ದೋಸೆ ಕೊಡಿಸುತ್ತಿದ್ದೆ. ಎರಡು ಕೊಡಿಸಿ, ಬೇಡ ಅನ್ನುತ್ತಾರೆ, ನಂಬಬೇಡಿ.

ಕಂಪನಿಗೆ ಕಾಗದ ನೀನೇ ಬರಿ, ಸಹಿ ಹಾಕುತ್ತೇನೆ. ಸ್ಕೂಟರಿನ ನಂಬರ್ ಬದಲಾಯಿಸುವ ಯೋಚನೆ ಇದ್ದರೆ ಬಿಡು, ಅದು ಆಗದ ಕೆಲಸ ಅಂತ ಕೇಳಿದೆ. ಪಟ್ಟಿಯಲ್ಲಿ ಮಾತ್ರ ಒಂದು ತಿದ್ದುಪಡಿ ಮಾಡು. ನನ್ನ ಹೆಸರಿನ ಮುಂದಿರುವ ವೈಪಿ ಹೊಡೆದು ವೈಜಿ ಅಂತ ಹಾಕು. ಯಾರಾದರೂ ಮಾಡುವವರಿದ್ದರೆ ತಿಳಿಸು, ಈ ಸಲ ದುಡ್ಡು ನಿನ್ನ ಕೈಗೇ ಕೊಡುತ್ತೇನೆ. ನಂಬರ್ ಹೇಗೂ ರೆಡಿ ಇದೆ.

ಇಂತಿ,
ಡ್ರಮ್ಮಿನವನು