ಪೇಟೆಂಟ್ ಅರ್ಜಿ: ನಾಲ್ಕು ವರ್ಷವಲ್ಲ, 31 ತಿಂಗಳು

ಮಾನ್ಯ ಸಂಪಾದಕರೇ,

ಪೇಟೆಂಟ್‌ಗೆ ಅರ್ಜಿ ಹಾಕಿದ ಸಣ್ಣ ಕಾರ್ಖಾನೆಯವರಲ್ಲಿ, ಕಾಲೇಜಿನವರಲ್ಲಿ ಹಳೇ ಲೆಕ್ಕವೊಂದು ಇನ್ನೂ ಓಡಾಡುತ್ತಿದೆ. ಅರ್ಜಿಯನ್ನು ಪರೀಕ್ಷಿಸಿ ಎಂದು ಕೇಳುವ ಫಾರಂ 18 ಹಾಕಲು ನಾಲ್ಕು ವರ್ಷ ಟೈಮ್ ಇದೆ ಅಂತ. ಈಗ ಹಾಗಿಲ್ಲ. 2024ರ ಮಾರ್ಚ್ 15ರಿಂದ ನಿಯಮ ಬದಲಾಗಿದೆ. ಅಲ್ಲಿಂದೀಚೆಗೆ ಹಾಕಿದ ಅರ್ಜಿಗಳಿಗೆ 48 ತಿಂಗಳಲ್ಲ, 31 ತಿಂಗಳು ಮಾತ್ರ.

ನಾನು ಮಲ್ಲೇಶ್ವರದ ಪೇಟೆಂಟ್ ಏಜೆಂಟರೊಬ್ಬರ ಕಚೇರಿಯಲ್ಲಿ ಗಡುವುಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈಚೆಗೆ ಪೀಣ್ಯದ ಲೇತ್ ವರ್ಕ್‌ಶಾಪಿನವರೊಬ್ಬರು ಫೈಲ್ ಹಿಡಿದುಕೊಂಡು ಬಂದರು. ತೆಳು ಪೈಪನ್ನು ಚಪ್ಪಟೆಯಾಗದ ಹಾಗೆ ಹಿಡಿಯುವ ಕ್ಲ್ಯಾಂಪ್ ಅವರದು. ಅಚ್ಚುಕಟ್ಟಾದ ಕೆಲಸ. 2024ರ ಜೂನ್‌ನಲ್ಲಿ ಪ್ರಾವಿಷನಲ್ ಅಂದರೆ ಮೊದಲ ತಾತ್ಕಾಲಿಕ ಅರ್ಜಿ, 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್ ಅಂದರೆ ಪೂರ್ತಿ ವಿವರಣೆ, ಎರಡೂ ಸರಿಯಾಗಿ ಹೋಗಿದ್ದವು. ಆದರೆ ಫೈಲಿನ ಮೇಲೆ ಬಾಲ್‌ಪೆನ್ನಿನಲ್ಲಿ ದಪ್ಪಗೆ ‘ಫಾರಂ 18, ಜೂನ್ 2028’ ಅಂತ ಬರೆದಿತ್ತು. ಅರ್ಜಿ ಹಾಕಿಕೊಟ್ಟವರು ಹಾಗೆ ಹೇಳಿದ್ದರಂತೆ. ನಿಜವಾದ ಗಡುವು 2027ರ ಜನವರಿ. ಲೆಕ್ಕ ಶುರುವಾಗುವುದೂ ಪ್ರಾವಿಷನಲ್ ಹಾಕಿದ ದಿನದಿಂದ.

“ಪಬ್ಲಿಷ್ ಆಗಿದೆಯಲ್ಲ ಮೇಡಂ, ಇನ್ನೇನು ಬಾಕಿ?” ಅಂದರು ಅವರು. ಈ ಮಾತು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. 18 ತಿಂಗಳಾದ ಮೇಲೆ ಅರ್ಜಿ ಶುಕ್ರವಾರದ ಪೇಟೆಂಟ್ ಜರ್ನಲ್‌ನಲ್ಲಿ ಬರುತ್ತದೆ. ಕೆಲವು ಕಾಲೇಜುಗಳು ಅಷ್ಟಕ್ಕೇ ಬ್ಯಾನರ್ ಕಟ್ಟಿಬಿಡುತ್ತವೆ. ಅದು ಪೇಟೆಂಟ್ ಸಿಕ್ಕಿದ್ದಲ್ಲ. ಫಾರಂ 18 ಹೋಗದೆ ಯಾವ ಅಧಿಕಾರಿಯೂ ಆ ಅರ್ಜಿಯನ್ನು ಪರೀಕ್ಷೆಗೆ ಎತ್ತಿಕೊಳ್ಳುವುದಿಲ್ಲ. ಗಡುವು ದಾಟಿದರೆ ಅರ್ಜಿ ವಾಪಸ್ ಪಡೆದ ಹಾಗೆಯೇ ಲೆಕ್ಕ. ಅಷ್ಟರಲ್ಲಿ ನಿಮ್ಮ ಡ್ರಾಯಿಂಗ್, ವಿವರ ಎಲ್ಲ ಊರಿಗೇ ಗೊತ್ತಾಗಿರುತ್ತದೆ. ಪಬ್ಲಿಷ್ ಆದದ್ದು ಹೊಸದಲ್ಲವಾದ್ದರಿಂದ ಅದನ್ನೇ ಮತ್ತೆ ಹಾಕಿದರೂ ನಿಲ್ಲುವುದಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದು ಒಂದು ತಾರೀಕಿನಿಂದ ಕೈತಪ್ಪುವುದನ್ನು ನೋಡಿದರೆ ಸಂಕಟವಾಗುತ್ತದೆ. ಶುಲ್ಕವೇನೂ ಜಾಸ್ತಿ ಇಲ್ಲ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್‌ನಲ್ಲಿ 4,000 ರೂಪಾಯಿ.

ನಿಯಮ ಬದಲಾದ ದಿನವೇ ಇಲ್ಲಿ ಮೊದಲ ಸಲ ಹಾಕಿದ ಅರ್ಜಿಗೆ ಗಡುವು 2026ರ ಅಕ್ಟೋಬರ್ 15. ಅರ್ಜಿ ಹಾಕಿದವರು ಯಾರ ಮಾತಿಗೂ ಸುಮ್ನೆ ಕೂರಬೇಡಿ. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಅರ್ಜಿ ಸಂಖ್ಯೆ ಹಾಕಿ, ಪರೀಕ್ಷೆಗೆ ಕೋರಿದ ದಿನಾಂಕದ ಜಾಗ ಖಾಲಿ ಇದೆಯಾ ನೋಡಿ. ದುಡ್ಡೇನೂ ಕೊಡಬೇಕಿಲ್ಲ.

ಇನ್ನೊಂದು ಮಾತು. ಪೇಟೆಂಟ್ ಕಾಗದಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ನಮ್ಮ ರಾಜ್ಯದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಪೀಣ್ಯ, ರಾಜಾಜಿನಗರದ ವರ್ಕ್‌ಶಾಪ್‌ನವರು ಯಾರನ್ನು ಕೇಳಬೇಕು? ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಗಡುವುಗಳನ್ನೆಲ್ಲ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಕೈಗಾರಿಕಾ ಸಂಘಗಳಿಗೂ ಕಾಲೇಜುಗಳಿಗೂ ಈ ವರ್ಷವೇ ಹಂಚಲಿ ಎಂದು ಕೇಳಿಕೊಳ್ಳುತ್ತೇನೆ.

– ಪೇಟೆಂಟ್ ಕಚೇರಿ ಸಹಾಯಕಿ, ಮಲ್ಲೇಶ್ವರ, ಬೆಂಗಳೂರು