ವಂದನಾರ್ಪಣೆಯಲ್ಲಿ ಬಿಟ್ಟುಹೋದದ್ದು

ಶಾಲೆಗೆ ಇಪ್ಪತ್ತೈದು ತುಂಬಿದ ನೆಪದ ಸ್ನೇಹ ಸಮ್ಮೇಳನದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಚೀಟಿಯಲ್ಲಿ ಮೂವತ್ತೆರಡು ಹೆಸರುಗಳಿದ್ದವು. ಅತಿಥಿಗಳು, ಪೆಂಡಾಲಿನವರು, ಮೈಕಿನವರು, ಪಾಯಸಕ್ಕೆ ಬೆಲ್ಲ ಕೊಟ್ಟವರು ಎಲ್ಲರೂ ಮುಗಿದು ‘ಹಾಗೆಯೇ ನಮ್ಮ ಆಡಳಿತ ಮಂಡಳಿಯ ಸರ್ವ ಸದಸ್ಯರಿಗೆ’ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಕ್ಕಳು ‘ಹೋ’ ಎಂದರು. ಕರೆಂಟು ಮರಳಿದಾಗ ಯಕ್ಷಗಾನದ ಚೌಕಿಯಿಂದ (ಬಣ್ಣದ ಕೋಣೆಯಿಂದ) ಪುಟ್ಟ ಕೃಷ್ಣ ಹೊರಟು ಬಂದಾಗಿತ್ತು, ಚಂಡೆ ಶುರುವಾಗಿತ್ತು. ಆ ವಾಕ್ಯಕ್ಕೆ ಕ್ರಿಯಾಪದವೇ ಬರಲಿಲ್ಲ. ಇಪ್ಪತ್ತೊಂದು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳಿಗೆ ಅದು ಇನ್ನೂ ಚುಚ್ಚುತ್ತಿದೆ. ಅದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ನಮ್ಮದು ಶಿರಸಿಯಿಂದ ಘಟ್ಟದ ಅಂಚಿಗೆ ಹೋಗುವ ದಾರಿಯಲ್ಲಿ ಇರುವ ಏಳನೇ ತರಗತಿಯವರೆಗಿನ ಕನ್ನಡ ಶಾಲೆ. ಶುರುವಾದದ್ದು 2000ದಲ್ಲಿ. 1995ರ ನಂತರ ಹುಟ್ಟಿದ ಖಾಸಗಿ ಕನ್ನಡ ಶಾಲೆಗಳಿಗೆ ಅನುದಾನವಿಲ್ಲ. ಹಾಗಾಗಿ ಅಕ್ಷರ ದಾಸೋಹದ ಅಕ್ಕಿ ಇಲ್ಲ, ಉಚಿತ ಪಠ್ಯಪುಸ್ತಕವಿಲ್ಲ, ಸಮವಸ್ತ್ರವಿಲ್ಲ. ಇರುವುದೆಲ್ಲ ಆಡಳಿತ ಮಂಡಳಿಯ ಏಳು ಜನ. ಸಂಘಗಳ ನೋಂದಣಿ ಕಾಯಿದೆ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕೆನ್ನುತ್ತದೆ, ನಮ್ಮ ಊರಿನಲ್ಲಿ ಆಗ ಸಿಕ್ಕಿದ್ದೂ ಸರಿಯಾಗಿ ಏಳೇ. ಈ ಏಳರಲ್ಲಿ ಯಾರಿಗೂ ಒಂದು ಪೈಸೆ ಸಂಬಳವಿಲ್ಲ. ಸಭೆಯಲ್ಲಿ ಅವಲಕ್ಕಿ, ಚಹಾ. ಅವಲಕ್ಕಿಯ ಖರ್ಚನ್ನೂ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ, ಶಾಲೆಯ ಲೆಕ್ಕಕ್ಕೆ ಹಾಕುವುದಿಲ್ಲ.

ಊರಿನವರ ದೃಷ್ಟಿಯಲ್ಲಿ ಆಡಳಿತ ಮಂಡಳಿ ಎಂದರೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರು. ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇವರ ಕೆಲಸವೆಲ್ಲ ಕಾಗದ ಮತ್ತು ಸಹಿ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಆಡಿಟ್, ಜಿಲ್ಲಾ ನೋಂದಣಾಧಿಕಾರಿಗಳಿಗೆ ಪಟ್ಟಿ, ಮಾನ್ಯತೆ ನವೀಕರಣದ ಕಡತ, ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಬೆಂಕಿ ನಂದಿಸುವ ಸಿಲಿಂಡರಿನ ರಸೀದಿ. ನಾಲ್ಕು ಕೋಣೆಯ ಹೆಂಚಿನ ಶಾಲೆಗೆ ಇಷ್ಟೆಲ್ಲ ಯಾಕೆ ಎಂದು ನಾನು ಒಮ್ಮೆ ಗೊಣಗಿದ್ದೆ. ನಮ್ಮ ಅಧ್ಯಕ್ಷರು ದನದ ಡಾಕ್ಟರಾಗಿ ನಿವೃತ್ತರಾದವರು, ಮಾತು ಕಡಿಮೆ. ‘2004ರಲ್ಲಿ ಕುಂಭಕೋಣಂ ಶಾಲೆಯಲ್ಲಿ ತೊಂಬತ್ತನಾಲ್ಕು ಮಕ್ಕಳು ಸುಟ್ಟುಹೋದರು ಅಕ್ಕೋರೇ, ಆಮೇಲೆ ಸುಪ್ರೀಂ ಕೋರ್ಟ್ ಹೇಳಿ ಬಂದ ಕಾಗದ ಅದು’ ಎಂದರು. ಅಷ್ಟೇ. ನಾನು ಮತ್ತೆ ಗೊಣಗಲಿಲ್ಲ.

ಅಧ್ಯಕ್ಷರಿಗೆ, ಕಡತಗಳನ್ನು ತಮ್ಮ ಅಂಗಡಿಯಲ್ಲೇ ಪುಕ್ಕಟೆ ಜೆರಾಕ್ಸ್ ಮಾಡಿಕೊಡುವ ಕಾರ್ಯದರ್ಶಿಗೆ, ಮಳೆಗಾಲದಲ್ಲಿ ತಮ್ಮ ಟೆಂಪೋದಲ್ಲಿ ಮಕ್ಕಳನ್ನು ಹಳ್ಳ ದಾಟಿಸುವ ಸದಸ್ಯರಿಗೆ, ಸಮವಸ್ತ್ರ ಹೊಲಿದುಕೊಟ್ಟು ಕೂಲಿಯನ್ನು ‘ಮುಂದಿನ ತಿಂಗಳು’ ಎನ್ನುತ್ತಾ ಹನ್ನೆರಡು ವರ್ಷ ಕಳೆದ ಟೇಲರ್ ಅಕ್ಕನಿಗೆ, ಬೆಂಗಳೂರಿನಿಂದ ಫೋನಿನಲ್ಲೇ ಸಭೆಗೆ ಹಾಜರಾಗುವ ನಮ್ಮ ಹಳೆಯ ವಿದ್ಯಾರ್ಥಿಗೆ ಮತ್ತು ಅಡಿಕೆ ತೋಟದ ಭಾವನವರಿಗೆ (ಇವರ ವಿಷಯ ಮುಂದೆ ಬರುತ್ತದೆ) ನನ್ನ ನಮಸ್ಕಾರಗಳು. ಒಂದೇ ವಾಕ್ಯದಲ್ಲಿ ಆರು ಜನರನ್ನು ತುಂಬಿದ್ದಕ್ಕೆ ಅವರು ಬೇಸರಿಸುವುದಿಲ್ಲ. ಏಳನೆಯವರ ಬಗ್ಗೆ ನಾನು ಬರೆಯದಿದ್ದರೆ ಮಾತ್ರ ಬೈಯುತ್ತಾರೆ.

ಏಳನೆಯವರು ನಮ್ಮ ಖಜಾಂಚಿ. ಊರಿಗೆಲ್ಲ ‘ಪೋಸ್ಟಿನ ಅಕ್ಕ’. ಇಲ್ಲಿಯ ಶಾಖಾ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಅರವತ್ತೈದು ತುಂಬಿದ ದಿನ ಮುದ್ರೆಯನ್ನು ಒಪ್ಪಿಸಿ ಮನೆಗೆ ಬಂದವರು. ಈ ಸಪ್ಟೆಂಬರಿನಲ್ಲಿ ಖಜಾಂಚಿಯ ಕೆಲಸವನ್ನೂ ಒಪ್ಪಿಸಿದರು. ಕಣ್ಣಿಗೆ ಪೊರೆ ಬಂದಿದೆ, ಅಂಕಿಗಳು ಈಜುತ್ತವೆ ಎಂದರು.

2021ರ ಕಥೆಯನ್ನು ಇದನ್ನು ಓದುವ ಬಹುತೇಕರು ಬಲ್ಲಿರಿ, ಬೇಕಾದಷ್ಟನ್ನೇ ಹೇಳುತ್ತೇನೆ. 2019ರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯಿದೆ) ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿರುವ ನಮಗೆ ಸರ್ಕಾರ ಶುಲ್ಕ ಕೊಡುವ ಹೊಸ ಮಕ್ಕಳು ಬರುವುದು ನಿಂತಿತ್ತು. ಅದರ ಹಿಂದೆಯೇ ಕೊರೋನಾ. ಖಾಸಗಿ ಶಾಲೆಗಳು ಬೋಧನಾ ಶುಲ್ಕದ ಶೇಕಡಾ 70ರಷ್ಟನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಸರ್ಕಾರ 2021ರ ಜನವರಿಯಲ್ಲಿ ಆದೇಶ ಹೊರಡಿಸಿದಾಗ ನಮ್ಮ ಸಭೆಯಲ್ಲಿ ಎಲ್ಲರೂ ನಕ್ಕಿದ್ದೆವು. ನೂರಕ್ಕೆ ಎಪ್ಪತ್ತು ಬಂದಿದ್ದರೆ ನಾವು ಹೋಳಿಗೆ ಊಟ ಹಾಕಿಸುತ್ತಿದ್ದೆವು! ಅನುದಾನರಹಿತ ಶಾಲೆಯ ಶಿಕ್ಷಕರಿಗೆಂದು ಜೂನ್‌ನಲ್ಲಿ ಘೋಷಣೆಯಾದ ಐದು ಸಾವಿರ ರೂಪಾಯಿಯೇ ನಮ್ಮ ಮೂವರು ಶಿಕ್ಷಕಿಯರ ಬಾಯಲ್ಲಿ ಇಡೀ ತಿಂಗಳ ಮಾತು.

ಜುಲೈ 22, ಗುರುವಾರ ಮಧ್ಯಾಹ್ನ ಸಭೆ. ಸೂಚನಾಪತ್ರದಲ್ಲಿ ಒಂದೇ ವಿಷಯವಿತ್ತು: ‘ಶಾಲೆಯನ್ನು ಮುಂದುವರಿಸುವ ಕುರಿತು’. ಆ ‘ಕುರಿತು’ ಎಂಬುದರ ಅರ್ಥ ಎಲ್ಲರಿಗೂ ತಿಳಿದಿತ್ತು. ಬಂದವರು ಐದು ಜನ. ಮುಚ್ಚೋಣ ಎಂದವರು ಮೂವರು, ಬೇಡ ಎಂದವರು ಇಬ್ಬರು. ಮುಖ್ಯ ಶಿಕ್ಷಕಿಯಾದ ನನಗೆ ಮತವಿಲ್ಲ, ಮೂಲೆಯ ಬೆಂಚಿನಲ್ಲಿ ಕೂತಿದ್ದೆ. ಕಾರ್ಯದರ್ಶಿ ಜ್ವರವೆಂದು ಬಂದಿರಲಿಲ್ಲವಾದ್ದರಿಂದ ನಡಾವಳಿ ಪುಸ್ತಕ ಅಕ್ಕನ ಮುಂದಿತ್ತು. ಅವರು ದಿನಾಂಕ ಬರೆದರು, ಹಾಜರಿದ್ದವರ ಹೆಸರು ಬರೆದರು, ಪೆನ್ನಿನ ಟೊಪ್ಪಿ ಹಾಕಿದರು. ‘ಠರಾವು ಬರೆಯಿರಿ’ ಎಂದು ತೋಟದ ಭಾವ ಹೇಳಿದರು. ‘ಬೆಳಕಿಲ್ಲ, ಮಳೆ ಹೊಳವಾದ ಮೇಲೆ ಬರೆಯುತ್ತೇನೆ’ ಎಂದರು ಅಕ್ಕ. ಗಂಟೆ ಮೂರೂವರೆ. ಬೆಳಕು ಸಾಕಷ್ಟಿತ್ತು.

ಮಳೆ ಹೊಳವಾಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಶಾಲೆಯ ಹಿಂದಿನ ಹಳ್ಳ ದಂಡೆ ಮೀರಿದೆ ಎಂದು ಫೋನು ಬಂತು. ದಾಖಲಾತಿ ರಿಜಿಸ್ಟರುಗಳು ಕಚೇರಿಯ ಕೋಣೆಯಲ್ಲಿ ಕೆಳಗಿನ ಕಪಾಟಿನಲ್ಲೇ ಇದ್ದವು. ಮುಚ್ಚುವ ಶಾಲೆಯ ರಿಜಿಸ್ಟರು ಒದ್ದೆಯಾದರೆಷ್ಟು, ಬಿಟ್ಟರೆಷ್ಟು ಎಂದುಕೊಳ್ಳುತ್ತಲೇ ಕೊಪ್ಪೆ ಸೂಡಿಕೊಂಡು ಹೊರಟೆ. ನನ್ನ ಮನೆ ಶಾಲೆಗೆ ಐದು ನಿಮಿಷದ ದಾರಿ. ಅಕ್ಕನ ಮನೆ ಗುಡ್ಡದಾಚೆ. ನಾನು ಬೀಗ ತೆಗೆಯುವಾಗ ಅವರು ಜಗುಲಿಯ ಮೇಲೆ ನಿಂತಿದ್ದರು, ಎಪ್ಪತ್ತರ ಹೆಂಗಸು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೈಯಲ್ಲಿ ಬ್ಯಾಟರಿ ಹಿಡಿದು. ಹೇಗೆ ಬಂದಿರಿ ಎಂದು ಕೇಳಿದ್ದಕ್ಕೆ ‘ಟಪಾಲು ಹಾಕಲು ಹೋಗುತ್ತಿದ್ದ ದಾರಿಯಲ್ಲವೇ’ ಎಂದರು.

ರಿಜಿಸ್ಟರು, ವರ್ಗಾವಣೆ ಪತ್ರದ ಪುಸ್ತಕಗಳು, ಕ್ಯಾಷ್ ಬುಕ್ಕು ಎಲ್ಲವನ್ನೂ ಅಡುಗೆ ಕೋಣೆಯ ಅಟ್ಟಕ್ಕೆ ಏರಿಸುವಷ್ಟರಲ್ಲಿ ಹತ್ತೂವರೆ. ವಾಪಸು ಹೋಗಲು ದಾರಿ ಉಳಿದಿರಲಿಲ್ಲ. ಅಡುಗೆ ಕೋಣೆ ಸ್ವಲ್ಪ ಎತ್ತರದಲ್ಲಿದೆ. ಅಲ್ಲೇ ಒಲೆಯ ಕಟ್ಟೆಗೆ ಒರಗಿ ಕೂತೆವು. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಕ್ಕ ಎದ್ದು, ಅಟ್ಟದಿಂದ ಮೊದಲ ರಿಜಿಸ್ಟರನ್ನೇ ಇಳಿಸಿಕೊಂಡು, ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, ಓದಲು ತೊಡಗಿದರು. ದಾಖಲಾತಿ ಸಂಖ್ಯೆ ಒಂದರಿಂದ.

ನಾನು ಕಲಿಸಿದ ಮಕ್ಕಳ ಹೆಸರು ನನಗೆ ಗೊತ್ತಿತ್ತು. ಏಳನೇ ತರಗತಿ ದಾಟಿದ ಮೇಲೆ ಅವರು ಎಲ್ಲಿ ಹೋದರೆಂಬುದು ಅಕ್ಕನಿಗೆ ಗೊತ್ತಿತ್ತು. ಊರಿಗೆ ಬರುವ ಕಾಗದ, ಊರಿನಿಂದ ಹೋಗುವ ಕಾಗದ ಎರಡೂ ಅವರ ಕೈಯಿಂದಲೇ ದಾಟಿದ್ದವು. ಒಂದನೇ ನಂಬರಿನವಳು ಕುಮಟಾದ ಬಟ್ಟೆ ಅಂಗಡಿಯಲ್ಲಿ ಸೇರಿ ಮೊದಲ ಸಂಬಳದಲ್ಲಿ ಅಪ್ಪನಿಗೆ ಮುನ್ನೂರು ರೂಪಾಯಿ ಮನಿಯಾರ್ಡರ್ ಕಳಿಸಿದ್ದಳು. ಅಪ್ಪ ಸಹಿ ಮಾಡುವ ಬದಲು ಹೆಬ್ಬೆಟ್ಟು ಒತ್ತಿ, ‘ಮಗಳು ಕಲಿತಿದ್ದಾಳಲ್ಲ’ ಎಂದಿದ್ದನಂತೆ. ಒಂಬತ್ತು, ಐದನೇ ತರಗತಿಗೇ ಶಾಲೆ ಬಿಟ್ಟವನು, ಈಗ ಜೆಸಿಬಿ ಓಡಿಸುತ್ತಾನೆ. ಹದಿನಾಲ್ಕು ಕುವೈತ್‌ನಲ್ಲಿದ್ದಾನೆ, ಅವನ ಪಾಸ್‌ಪೋರ್ಟ್ ಬಂದ ದಿನ ತಾಯಿ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಮೂವತ್ತೊಂದು, ಸ್ವಂತ ಕೈಬರಹದಲ್ಲಿ ಅಜ್ಜಿಗೆ ಪೋಸ್ಟ್ ಕಾರ್ಡ್ ಬರೆಯುತ್ತಿದ್ದವಳು. ಪೋಸ್ಟ್ ಕಾರ್ಡನ್ನು ಅಕ್ಕ ಓದಿದ್ದರು, ಅದನ್ನು ಅಡಗಿಸಲೂ ಇಲ್ಲ. ‘ಎಲ್ಲರೂ ಓದಲಿ ಎಂದೇ ಅಲ್ಲವೇ ಅದಕ್ಕೆ ಲಕೋಟೆ ಇಲ್ಲದಿರುವುದು’ ಎಂದರು. ಅರವತ್ತಾರು ಬಂದಾಗ ಇಬ್ಬರೂ ಏನೂ ಹೇಳಲಿಲ್ಲ. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟ ತಿರುಗಿಸಿದರು.

ಎರಡು ಗಂಟೆಯ ಸುಮಾರಿಗೆ ಹಿಂದಿನ ಗೋಡೆ ಕುಸಿಯಿತು. ಮೂರು ಮತ್ತು ನಾಲ್ಕನೇ ತರಗತಿಯ ಗೋಡೆ.

ಈಗ ಬರೆಯುವುದನ್ನು ಇದುವರೆಗೆ ಮನೆಯಲ್ಲಿಯೂ ಹೇಳಿಲ್ಲ. ಆ ಸದ್ದು ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಸದ್ಯ, ಮುಗಿಯಿತು ಎನಿಸಿತು. ಯಾರೂ ಮುಚ್ಚಬೇಕಾಗಿಲ್ಲ, ಮಳೆಯೇ ಮುಚ್ಚಿತು, ನಾಳೆಯಿಂದ ಯಾರ ಮನೆಯ ಅಂಗಳದಲ್ಲೂ ಶುಲ್ಕ ಕೇಳಲು ನಿಲ್ಲಬೇಕಾಗಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿಕೊಂಡು ಮಕ್ಕಳ ಹಿಂದೆ ಹತ್ತಬೇಕಾಗಿಲ್ಲ. ಕಟ್ಟೆಯಲ್ಲಿ ಕೂತು ಹಾಗೆಯೇ ಬಾಯಿಬಿಟ್ಟು ಹೇಳಿಬಿಟ್ಟೆ: ‘ಅಕ್ಕ, ಬೀಳಲಿ ಎಂದು ನಾನು ಬೇಡಿಕೊಂಡಿದ್ದೆ.’ ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಅಮ್ಮ ಹೋದಾಗ ಕೂಡ ನಾನು ಹಾಗೆ ಅತ್ತಿರಲಿಲ್ಲ.

ಅವರು ಬೆನ್ನು ಸವರಲಿಲ್ಲ, ಸಮಾಧಾನದ ಮಾತು ಆಡಲಿಲ್ಲ. ಸ್ವಲ್ಪ ಹೊತ್ತು ಕಾದು, ‘ಅಕ್ಕೋರೇ, ಬ್ಯಾಟರಿ ಸರಿಯಾಗಿ ಹಿಡಿಯಿರಿ, ಅಕ್ಷರ ಕಾಣಿಸುತ್ತಿಲ್ಲ’ ಎಂದರು. ನೂರ ಹದಿನೆಂಟರಿಂದ ಮುಂದುವರಿಸಿದರು. ಬ್ಯಾಟರಿ ಮಂಕಾಗುತ್ತಾ ಹೋದಂತೆ ಅವರು ಪುಸ್ತಕವನ್ನು ಕಣ್ಣಿಗೆ ಹತ್ತಿರ ತಂದುಕೊಳ್ಳುತ್ತಾ ಹೋದರು. ಬೆಳಗಾಗುವಾಗ ಮುನ್ನೂರರ ಹತ್ತಿರ ಬಂದಿದ್ದೆವು. ಕೊನೆಯ ನಲವತ್ತೊಂದು ಮಕ್ಕಳು ಆಗ ಶಾಲೆಯಲ್ಲೇ ಇದ್ದವರು. ಅವರ ಹೆಸರುಗಳನ್ನು ಅಕ್ಕ ಓದಲಿಲ್ಲ. ‘ಇವರ ವಿಳಾಸ ಇನ್ನೂ ಇದೇ ಅಲ್ಲವೇ’ ಎಂದು ರಿಜಿಸ್ಟರು ಮುಚ್ಚಿದರು.

ಅದೇ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ಮನೆ ತೋಟಗಳನ್ನು ನುಂಗಿತು, ಗಂಗಾವಳಿಯ ಮೇಲಿನ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಅದರ ಎದುರು ನಮ್ಮ ಚಿರೇಕಲ್ಲಿನ ಗೋಡೆ ಯಾವ ಲೆಕ್ಕ? ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾರೆ ಹೊತ್ತು ಮೊದಲು ಬಂದವರು ಅಡಿಕೆ ತೋಟದ ಭಾವ. ಮುಚ್ಚೋಣ ಎಂದವರಲ್ಲಿ ಒಬ್ಬರು. ತಮ್ಮ ತೋಟದಲ್ಲೇ ಕೊಳೆ ರೋಗ ಶುರುವಾಗಿದ್ದಾಗ ಎರಡು ದಿನ ನಮ್ಮ ಮಣ್ಣು ಎತ್ತಿದರು, ಮಾಡಿಗೆ ಊರುಗೋಲಾಗಿ ಕಂಬ ಕಡಿಸಿ ತಂದರು. ಮುಚ್ಚೋಣ ಎಂದದ್ದು ಅವರಿಗೆ ಶಾಲೆ ಬೇಡವಾಗಿ ಅಲ್ಲ, ನಮಗೆ ಸಂಬಳ ಕೊಡಲಾಗದ ನಾಚಿಕೆಯಿಂದ. ಇದನ್ನು ತಿಳಿಯಲು ನನಗೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಎದುರು ಸಿಕ್ಕಾಗ ಮುಖ ತಿರುಗಿಸುತ್ತಿದ್ದೆ. ಭಾವನವರೇ, ಅದಕ್ಕೆ ಕ್ಷಮೆ ಇರಲಿ. ಒಂಬತ್ತನೇ ನಂಬರಿನವನ ಜೆಸಿಬಿಯೂ ಬಂತು. ಡೀಸೆಲ್‌ಗೆ ಹಣ ಕೊಡಹೋದರೆ ‘ಅಕ್ಕೋರು ಮಗ್ಗಿ ಕೇಳದಿದ್ದರೆ ಸಾಕು’ ಎಂದ.

ಇನ್ನು ಆ ನಡಾವಳಿ ಪುಸ್ತಕ. ಮಣ್ಣು ಎತ್ತುವ ನಡುವೆಯೇ ಅಕ್ಕ ಅದನ್ನು ತೆರೆದು ಜುಲೈ 22ರ ಪುಟದಲ್ಲಿ ಒಂದು ಸಾಲು ಬರೆದರು: ‘ಮಳೆಯ ಕಾರಣ ಸಭೆಯನ್ನು ಮುಂದೂಡಲಾಯಿತು.’ ಐವರ ಸಹಿಯನ್ನೂ ಹಾಕಿಸಿದರು, ಮುಚ್ಚೋಣ ಎಂದ ಮೂವರೂ ಕೆಸರು ಕೈಯನ್ನು ಪಂಚೆಗೆ ಒರೆಸಿಕೊಂಡು ಸಹಿ ಹಾಕಿದರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದು ಮುದ್ರೆಯನ್ನೂ ತಪ್ಪು ತಾರೀಖಿನಲ್ಲಿ ಒತ್ತದ ಹೆಂಗಸು ಬರೆದ ಒಂದೇ ಸುಳ್ಳು ಅದು. ಆಡಿಟರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಪುಟ ಬಿಟ್ಟು ಮುಂದಿನದನ್ನು ನೋಡಿ. ಮುಂದೂಡಿದ ಆ ಸಭೆ ಇಲ್ಲಿಯವರೆಗೂ ನಡೆದಿಲ್ಲ.

2021ರ ಅಕ್ಟೋಬರ್ 25ರಂದು ಒಂದರಿಂದ ಐದರವರೆಗಿನ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದವು. ನಮ್ಮ ಮೂರು, ನಾಲ್ಕನೇ ತರಗತಿಗೆ ಗೋಡೆಯ ಬದಲು ಅಡಿಕೆ ದಬ್ಬೆಯ ತಟ್ಟಿ. ಒಂದೂವರೆ ವರ್ಷದ ಮೇಲೆ ಬಂದ ಮಕ್ಕಳು ಕೂರುವುದನ್ನೇ ಮರೆತಿದ್ದರು. ತಟ್ಟಿಯ ಸಂದಿಯಿಂದ ಹಳ್ಳ ನೋಡುತ್ತಾ ನಿಂತಿದ್ದರು, ನಾನೂ ಕೂರಿಸಲು ಹೋಗಲಿಲ್ಲ. ಈಗಿರುವ ಗೋಡೆ ಹೇಗೆ ಎದ್ದಿತು, ಯಾರು ಎಷ್ಟು ಕೊಟ್ಟರು ಎಂಬುದು ಕಚೇರಿಯ ಹೊರಗಿನ ಫಲಕದಲ್ಲಿದೆ. ಐದು ರೂಪಾಯಿ ಕೊಟ್ಟ ಹೆಸರೂ ಅದರಲ್ಲಿದೆ, ಅಕ್ಕ ಬಿಟ್ಟುಕೊಡಲಿಲ್ಲ.

ಅಕ್ಕ, ಸಮ್ಮೇಳನದ ದಿನ ನಿಮ್ಮನ್ನು ವೇದಿಕೆಗೆ ಕರೆದಾಗ ನೀವು ಅಡುಗೆ ಕೋಣೆಯಲ್ಲಿ ಬಾಳೆಎಲೆ ಎಣಿಸುತ್ತಿದ್ದಿರಂತೆ. ಶಾಲು ನನ್ನ ಹತ್ತಿರವೇ ಇದೆ. ನೀವು ಒಪ್ಪಿಸಿದ ಸಾಮಾನುಗಳ ಪಟ್ಟಿಯನ್ನು ನೋಡಿದೆ. ಅದರಲ್ಲಿ ‘ಬ್ಯಾಟರಿ 1, ಕೆಟ್ಟಿದೆ’ ಎಂದಿದೆ. ಅದು ಶಾಲೆಯದಲ್ಲ, ನಿಮ್ಮದು. ಪಟ್ಟಿಯಿಂದ ತೆಗೆಸಿದ್ದೇನೆ, ಆದರೆ ವಾಪಸು ಕೊಡುವುದಿಲ್ಲ. ಇನ್ನೊಂದು ಮಾತು. ಹೊಸ ಖಜಾಂಚಿಗೆ ನಿಮ್ಮ ಕ್ಯಾಷ್ ಬುಕ್ಕಿನಲ್ಲಿ ಒಂದಕ್ಕೂ ಏಳಕ್ಕೂ ವ್ಯತ್ಯಾಸವೇ ತಿಳಿಯುತ್ತಿಲ್ಲ, ಆಗಸ್ಟ್ ತಿಂಗಳಿಗೆ ಅರವತ್ತು ರೂಪಾಯಿ ಹೆಚ್ಚು ಬರುತ್ತಿದೆ. ಗುರುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬನ್ನಿ. ಕಷಾಯ ಕುದಿಸಿ ಇಟ್ಟಿರುತ್ತೇನೆ.